ಕಪ್ಪು ಕೆಸರು, ಕೇಸಿಂಗ್ ಪೈಪು ಮತ್ತು ಗಣಿಯ ತಳ

ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿಯ ಗುಡ್ಡಸಾಲಿಗೆ ಒತ್ತಿಕೊಂಡ ಊರುಗಳಲ್ಲಿ ಬೋರ್ ಕೊರೆಸುವಾಗ ಕೆಲವೊಮ್ಮೆ ಬೂದುಬಣ್ಣದ ಪುಡಿ ನಿಂತು ಮಸಿಯಂಥ ಕಪ್ಪು ಕೆಸರು ಉಕ್ಕುತ್ತದೆ. ಬೆರಳಿಗೆ ಮೆತ್ತಿಕೊಂಡು ಉಜ್ಜಿದರೆ ಜಾರುಜಾರು. ಒಣಗಿದ ಮೇಲೆ ಸಣ್ಣಗೆ ಮಿರುಗುತ್ತದೆ. ಲಾರಿಯ ಸುತ್ತ ನಿಂತವರಲ್ಲಿ ಯಾರಾದರೊಬ್ಬರು “ಇದು ಕಲ್ಲಿದ್ದಲೇ ಇರಬೇಕು ಕಣ್ರೀ” ಅನ್ನದೆ ಇರುವುದಿಲ್ಲ. ಕಲ್ಲಿದ್ದಲು ಇಲ್ಲಿ ಸಿಗುವುದಿಲ್ಲ, ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಯೇ ಇಲ್ಲ. ಹಾಗಂತ ಆ ಮಾತನ್ನು ನಕ್ಕು ತಳ್ಳಿಹಾಕುವಂತೆಯೂ ಇಲ್ಲ. ಆ ಕಪ್ಪು ಇಂಗಾಲದ್ದೇ. ಗ್ರಾಫೈಟ್ ಬೆರೆತ ಪದರುಗಲ್ಲು ಅದು. ಭೂವಿಜ್ಞಾನದವರು ಇಂಗಾಲಯುಕ್ತ ಫಿಲೈಟ್ ಎನ್ನುತ್ತಾರೆ.

ವಯಸ್ಸಿನ ಲೆಕ್ಕ ಹಾಕಿದರೆ ವಿಷಯ ಬಗೆಹರಿಯುತ್ತದೆ. ಗೋದಾವರಿ ಕಣಿವೆಯ ಸಿಂಗರೇಣಿ ಕಲ್ಲಿದ್ದಲು ಹುಟ್ಟಿದ್ದು ಸುಮಾರು 25ರಿಂದ 30 ಕೋಟಿ ವರ್ಷಗಳ ಹಿಂದೆ, ಜೌಗಿನಲ್ಲಿ ಹೂತುಹೋದ ಕಾಡುಗಳಿಂದ. ಚಿಕ್ಕನಾಯಕನಹಳ್ಳಿಯ ಗುಡ್ಡದ ಕಲ್ಲುಗಳಿಗೆ 260 ಕೋಟಿ ವರ್ಷ ಮೀರಿದೆ. ಆಗ ನೆಲದ ಮೇಲೆ ಗಿಡ ಹಾಗಿರಲಿ, ಪಾಚಿಯ ಹೊದಿಕೆಯೂ ಇರಲಿಲ್ಲ. ಇದ್ದದ್ದು ಸಮುದ್ರದ ಸೂಕ್ಷ್ಮಜೀವಿಗಳು. ಅವುಗಳ ಇಂಗಾಲ ತಳದ ಕೆಸರಿನಲ್ಲಿ ಸೇರಿ, ಒತ್ತಿ, ಬೆಂದು ಈ ಕಪ್ಪಾಗಿದೆ. ಒಲೆಗೆ ಹಾಕಿದರೆ ಉರಿಯುವುದಿಲ್ಲ. ಆದರೆ ವಿದ್ಯುತ್ತನ್ನು ಚೆನ್ನಾಗಿ ಹರಿಯಬಿಡುತ್ತದೆ. ಈ ಗುಣದಿಂದ ಅಂತರ್ಜಲ ಹುಡುಕುವವರಿಗೆ ಆಗುವ ತೊಂದರೆಯನ್ನು ಮುಂದೆ ನೋಡೋಣ.

ಕಲ್ಲಿದ್ದಲಿನ ಮಾತು ಬಂದದ್ದರಿಂದ ಅದನ್ನೇ ಸ್ವಲ್ಪ ಮುಂದುವರಿಸುತ್ತೇನೆ. ಗಣಿ ಮತ್ತು ಬಾವಿಯ ಜಗಳ ಜಗತ್ತಿನಲ್ಲಿ ಹೆಚ್ಚು ಅಧ್ಯಯನವಾಗಿರುವುದು ಕಲ್ಲಿದ್ದಲಿನ ಗಣಿಗಳಲ್ಲೇ. ಕಲ್ಲಿದ್ದಲಿನ ಪದರ ಮರಳುಗಲ್ಲಿನ ಪದರಗಳ ನಡುವೆ ಮಲಗಿರುತ್ತದೆ. ಮರಳುಗಲ್ಲಿನ ಕಣಕಣದ ನಡುವೆ ನೀರು. ನೆಲದಡಿಯಿಂದ ಕಲ್ಲಿದ್ದಲು ತೆಗೆದಾಗ ಮೇಲಿನ ಚಾವಣಿ ಕುಸಿದು ಖಾಲಿ ಜಾಗ ತುಂಬಿಕೊಳ್ಳುತ್ತದೆ. ಬಿರುಕು ಮೇಲೇರುತ್ತಾ ನೀರಿರುವ ಪದರವನ್ನು ಮುಟ್ಟಿದರೆ ಆ ನೀರೆಲ್ಲ ಗಣಿಗೆ ಇಳಿಯುತ್ತದೆ. ಪಂಪು ಹಗಲೂ ರಾತ್ರಿ ಓಡುತ್ತಿರಬೇಕು, ಮೇಲಿನ ಊರಿನ ಬಾವಿ ಇಳಿಯುತ್ತಾ ಹೋಗಬೇಕು. ಕೈಬಿಟ್ಟ ಹಳೆಯ ಗಣಿಯಲ್ಲಿ ತುಂಬಿ ನಿಂತ ನೀರು ಇನ್ನೂ ಅಪಾಯಕಾರಿ. 1975ರ ಡಿಸೆಂಬರ್ 27ರಂದು ಧನಬಾದಿನ ಚಾಸ್‌ನಾಲಾದಲ್ಲಿ ಅಂಥ ನೀರು ಒಡೆದು ನುಗ್ಗಿ 375 ಕಾರ್ಮಿಕರು ಸತ್ತರು.

ಆ ಪದರ ಪದರದ ಲೋಕ ನಮ್ಮದಲ್ಲ. ಹಾಗಾಗಿ ಅಲ್ಲಿನ ಸೂತ್ರ ತಂದು ಇಲ್ಲಿ ಹಚ್ಚುವಂತಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆ ಎರಡು ಬಗೆಯ ಕಲ್ಲಿನ ಮೇಲೆ ನಿಂತಿದೆ. ಬಯಲೆಲ್ಲ ಗ್ನೈಸ್. ಬಿಳಿ-ಬೂದು ಪಟ್ಟೆಯ, ಅಲ್ಲಲ್ಲಿ ಬಂಡೆಯಾಗಿ ಎದ್ದ, ನಮ್ಮ ಹೊಲದ ಬದುವಿಗೆ ಕಂಬವಾಗಿ ನೆಟ್ಟ ಕಲ್ಲು. ಇನ್ನೊಂದು, ಗದಗದ ಕಡೆಯಿಂದ ಚಿತ್ರದುರ್ಗ, ಹೊಸದುರ್ಗ, ಚಿಕ್ಕನಾಯಕನಹಳ್ಳಿ ಹಾದು ಶ್ರೀರಂಗಪಟ್ಟಣದತ್ತ ಸಾಗುವ ಚಿತ್ರದುರ್ಗ ಶಿಸ್ಟ್ ಪಟ್ಟಿ. ಕಬ್ಬಿಣ, ಮ್ಯಾಂಗನೀಸ್, ಸುಣ್ಣಕಲ್ಲು, ಚೂರು ಚಿನ್ನ ಎಲ್ಲ ಇದರ ಹೊಟ್ಟೆಯಲ್ಲೇ. ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರಕ್ಕೆ ಸಿಮೆಂಟ್ ಕಾರ್ಖಾನೆ ಬಂದದ್ದು ಇದರ ಸುಣ್ಣಕಲ್ಲಿನ ಆಸೆಗೆ. ಈ ಎತ್ತರದ ನೆಲ ನೀರನ್ನೂ ಎರಡು ಪಾಲು ಮಾಡುತ್ತದೆ. ಬೋರನಕಣಿವೆಯ ಕಡೆಯ ಸುವರ್ಣಮುಖಿಯ ನೀರು ವೇದಾವತಿಗೆ, ಅಲ್ಲಿಂದ ತುಂಗಭದ್ರೆ-ಕೃಷ್ಣೆಗೆ. ತುರುವೇಕೆರೆಯ ಕಡೆ ಬಿದ್ದದ್ದು ಶಿಂಷೆಗೆ, ಕಾವೇರಿಗೆ. ಅಂದರೆ ಹೊರಗಿನಿಂದ ಹರಿದು ಬರುವ ನೀರು ಇಲ್ಲಿಗೆ ಸ್ವಾಭಾವಿಕವಾಗಿ ಯಾವುದೂ ಇಲ್ಲ. ಹೇಮಾವತಿ ನಾಲೆಯನ್ನು ಬಿಟ್ಟರೆ ಬಿದ್ದ ಮಳೆಯೇ ಬಂಡವಾಳ, ಅದೂ ವರ್ಷಕ್ಕೆ 60-70 ಸೆಂಟಿಮೀಟರ್ ಆಸುಪಾಸು.

ಈ ಕಲ್ಲುಗಳ ಮೈಯಲ್ಲಿ ರಂಧ್ರವಿಲ್ಲ. ನೀರು ಇರುವುದು ಎರಡೇ ಕಡೆ: ಮೇಲ್ಗಡೆ ಕೊಳೆತು ಪುಡಿಯಾದ ಗರಸಿನಲ್ಲಿ ಮತ್ತು ಅದರ ಕೆಳಗಿನ ಗಟ್ಟಿ ಕಲ್ಲಿನ ಬಿರುಕುಗಳಲ್ಲಿ. ಬಿರುಕಿನಲ್ಲಿ ನೀರು ಬೇಗ ಓಡುತ್ತದೆ, ಹೆಚ್ಚು ಹಿಡಿಯುವುದಿಲ್ಲ. ಹಿಡಿದಿಟ್ಟುಕೊಂಡು ವರ್ಷವಿಡೀ ಬಿಡುವುದು ಗರಸು. ನಮ್ಮ ಅಜ್ಜಂದಿರ ತೆರೆದ ಬಾವಿಗಳು ಮೂವತ್ತು-ನಲವತ್ತು ಅಡಿಗೇ ನಿಂತಿದ್ದವು, ಏಕೆಂದರೆ ಗರಸೂ ಹೆಚ್ಚುಕಡಿಮೆ ಅಲ್ಲಿಗೇ ಮುಗಿಯುತ್ತಿತ್ತು. ಕಪಿಲೆ ಹೊಡೆಯುವವನಿಗೆ ಒಂದು ದಿನಕ್ಕೆ ಎಷ್ಟು ಎತ್ತಲಾಗುತ್ತಿತ್ತೋ ಅಷ್ಟನ್ನು ಗರಸು ರಾತ್ರಿ ಕಳೆದು ತುಂಬಿಕೊಡುತ್ತಿತ್ತು.

ಗರಸು ಎಷ್ಟು ಆಳವಿದೆ ಎಂದು ತಿಳಿಯಲು ದೊಡ್ಡ ಯಂತ್ರ ಬೇಕಾಗಿಲ್ಲ. ಬೋರ್ ಲಾರಿಯವರು ಕೊಟ್ಟ ಬಿಲ್ ತೆಗೆದು ನೋಡಿ. “ಕೇಸಿಂಗ್ 60 ಅಡಿ” ಎಂದಿದ್ದರೆ ನಿಮ್ಮ ತೋಟದಲ್ಲಿ ಅರವತ್ತು ಅಡಿಗೆ ಗಟ್ಟಿ ಕಲ್ಲು ಸಿಕ್ಕಿದೆ ಎಂದರ್ಥ. ಉದುರುವ ಮಣ್ಣಿರುವ ತನಕ ಮಾತ್ರ ಪೈಪು ಇಳಿಸುತ್ತಾರೆ, ಗಟ್ಟಿ ಕಲ್ಲು ತಾನೇ ನಿಲ್ಲುತ್ತದೆ. ಬಾಯಿಗೆ ಬಂದ ಪುಡಿಯ ಬಣ್ಣವೂ ಅಷ್ಟೇ ಸಾಕ್ಷಿ. ಮೊದಲು ಕೆಮ್ಮಣ್ಣು, ಆಮೇಲೆ ಹಳದಿ ಗರಸು, ಕಾಗೆಬಂಗಾರದ ಚೂರು ಮಿನುಗುವ ಬೂದುಪುಡಿ ಬಂದರೆ ಗ್ನೈಸ್. ಹಸಿರು ಛಾಯೆಯ, ಬಳಪದಂತೆ ನುಣುಪಾದ ಪುಡಿಯಾದರೆ ಶಿಸ್ಟ್. ಬೂದುಪುಡಿಯ ನಡುವೆ ಒಮ್ಮೆ ಕಂದು ಕಲೆ ಹತ್ತಿದ ಚೂರುಗಳು ಬಂದವೋ, ಅಲ್ಲೊಂದು ಬಿರುಕು ಇತ್ತು, ಅದರಲ್ಲಿ ಯಾವ ಕಾಲದಲ್ಲೋ ನೀರು ಓಡಾಡಿತ್ತು. ಎರಡು ಇಂಚು ನೀರು ಬಂತೇ ಎಂದು ಕೇಳುವವರು ಎಲ್ಲರೂ. ಎಷ್ಟು ಅಡಿಗೆ ಬಂತು, ಆಗ ಪುಡಿ ಯಾವ ಬಣ್ಣವಿತ್ತು ಎಂದು ಬರೆದಿಡುವವರು ಒಬ್ಬರೂ ಇಲ್ಲ. ಒಂದು ಗ್ರಾಮ ಪಂಚಾಯಿತಿಯ ಎಲ್ಲ ಬೋರ್ ಬಿಲ್ ಕೂಡಿಸಿದರೆ ಆ ಊರಿನ ನೆಲದಡಿಯ ಅರ್ಧ ನಕ್ಷೆ ಬೀರುವಿನಲ್ಲೇ ಸಿಕ್ಕೀತು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಪಾಯಿಂಟ್ ನೋಡುವವರ ಬಗ್ಗೆ ನಾನೇನೂ ಹೇಳುವುದಿಲ್ಲ. ಅವರೂ ಈ ಬಿಲ್‌ಗಳನ್ನು ನೋಡಿದರೆ ಕಾಯಿ ಇನ್ನಷ್ಟು ಸರಿಯಾಗಿ ನಿಂತೀತು.

ಈಗ ಒಂದು ಲೆಕ್ಕ. ಮೂವತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ 48 ತೆಂಗಿನ ಮರ. ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 60 ಲೀಟರ್ ಎಂದುಕೊಂಡರೆ ಎಕರೆಗೆ 2,880 ಲೀಟರ್. ಗರಸಿನ ಒಟ್ಟು ಗಾತ್ರದಲ್ಲಿ ನೀರು ಬಿಟ್ಟುಕೊಡುವ ಜಾಗ ನೂರಕ್ಕೆ ಎರಡು ಎಂದು ಇಟ್ಟುಕೊಳ್ಳಿ, ಗಟ್ಟಿಶಿಲೆಯ ನಾಡಿಗೆ ಇದು ಸಾಧಾರಣ ಅಂದಾಜು. ಆಗ ಒಂದು ಎಕರೆಯಡಿ ನೀರಿನ ಮಟ್ಟ ಒಂದು ಮೀಟರ್ ಇಳಿದರೆ ಸಿಗುವುದು ಸುಮಾರು 81,000 ಲೀಟರ್. ಇಪ್ಪತ್ತೆಂಟು ದಿನದ ನೀರು. ತುಂಬುವ ಕಡೆಯಿಂದ ನೋಡಿ. ವರ್ಷಕ್ಕೆ 650 ಮಿಲಿಮೀಟರ್ ಮಳೆ ಬಿದ್ದು ನೂರಕ್ಕೆ ಎಂಟರಷ್ಟು ಇಂಗಿದರೆ 52 ಮಿಲಿಮೀಟರ್. ಎಕರೆಗೆ ಎರಡು ಲಕ್ಷದ ಹತ್ತು ಸಾವಿರ ಲೀಟರ್, ಅಂದರೆ 73 ದಿನದ ನೀರು. ತೋಟಕ್ಕೆ ವರ್ಷದಲ್ಲಿ ಏಳು ತಿಂಗಳಾದರೂ ನೀರು ಕೊಡಬೇಕು. ಅಲ್ಲಿಗೆ ಒಂದು ಎಕರೆ ತೋಟ ತಾನು ನಿಂತ ಎಕರೆಯ ನೀರಲ್ಲದೆ ಇನ್ನೂ ಎರಡು ಎಕರೆಯ ನೀರನ್ನು ಕುಡಿಯುತ್ತಿದೆ. ಆ ಎರಡು ಎಕರೆ ಎಲ್ಲಿದೆ? ಮೊದಲು ಹುಲ್ಲುಬನ್ನಿ, ರಾಗಿ ಹೊಲ, ಗುಡ್ಡದ ತಪ್ಪಲು ಆ ಕೆಲಸ ಮಾಡುತ್ತಿದ್ದವು. ಹೊಲಗಳೆಲ್ಲ ತೋಟವಾಗುತ್ತಾ ಬಂದ ಮೇಲೆ ಉಳಿದದ್ದು ಗುಡ್ಡ.

ಅದೇ ಗುಡ್ಡದಲ್ಲಿ ಅದಿರು.

ಚಿಕ್ಕನಾಯಕನಹಳ್ಳಿ ಸಾಲಿನ ಕಬ್ಬಿಣದ ಅದಿರನ್ನು ನೆಲದ ಮೇಲಿಂದಲೇ ತೋಡಿ ತೆಗೆಯುತ್ತಾರೆ, ಸುರಂಗವಿಲ್ಲ. ಅದಿರು ಇರುವ ಪಟ್ಟೆಗಲ್ಲು ಗಟ್ಟಿಯಾದರೂ ಪೆಡಸು, ಮಡಿಕೆ ಬಿದ್ದಲ್ಲೆಲ್ಲ ಒಡೆದಿದೆ. ಅದರ ಮೇಲ್ಭಾಗ ಬಿಸಿಲು ಮಳೆಗೆ ಕರಗಿ ತೂತುತೂತಾಗಿದೆ. ಹಾಗಾಗಿ ಮಳೆ ನೀರು ಅಲ್ಲಿ ಸಲೀಸಾಗಿ ಇಳಿದು, ತಪ್ಪಲಿನಲ್ಲಿ ಒರತೆಯಾಗಿ, ಬಾವಿಯಾಗಿ ಕಾಣಿಸುತ್ತದೆ. ಅದಿರಿಗೆ ಒಳ್ಳೆಯ ಜಾಗವೂ ಇಂಗಿಸಲು ಒಳ್ಳೆಯ ಜಾಗವೂ ಒಂದೇ ಆಗಿರುವುದು ಈ ಸೀಮೆಯ ದುರದೃಷ್ಟ. ಗುಡ್ಡದ ನೆತ್ತಿ ಹೋದರೆ ಇಂಗುವ ಜಾಗ ಹೋಯಿತು. ಪಕ್ಕದಲ್ಲಿ ಸುರಿದ ಮಣ್ಣಿನ ರಾಶಿಯಿಂದ ನುಣ್ಣನೆಯ ಕೆಂಪು ಹೂಳು ಹಳ್ಳದಲ್ಲಿ ಇಳಿದು ಕೆರೆಯ ತಳಕ್ಕೆ ಬಳಿದುಕೊಂಡರೆ ಕೆರೆ ತುಂಬಿದರೂ ಕೆಳಗಿನ ಬಾವಿ ಏಳುವುದಿಲ್ಲ.

ಇದು ಗಣಿಯ ತಳ ಇನ್ನೂ ನೀರಿನ ಮಟ್ಟಕ್ಕಿಂತ ಮೇಲಿರುವಾಗಿನ ಕಥೆ. ತಳ ನೀರಿಗಿಂತ ಕೆಳಗಿಳಿದರೆ ಬೇರೆಯೇ ಅಧ್ಯಾಯ. ಆಗ ಗಣಿಯೇ ಊರಿನ ಅತಿ ದೊಡ್ಡ ಬಾವಿ. ಅದನ್ನು ಒಣಗಿಸಿ ಇಡಲು ಪಂಪು ಹಾಕಬೇಕು, ಸುತ್ತಲಿನ ನೀರು ಆ ಕಡೆಗೆ ವಾಲುತ್ತದೆ. ಎಷ್ಟು ದೂರದವರೆಗೆ? ಮರಳುಗಲ್ಲಿನ ನಾಡಾದರೆ ವೃತ್ತ ಎಳೆದು ಹೇಳಬಹುದು. ಇಲ್ಲಿ ವೃತ್ತವಿಲ್ಲ. ಬಿರುಕು ಹೋದ ದಿಕ್ಕಿಗೆ ಎರಡು ಕಿಲೋಮೀಟರ್ ಆಚೆಯ ಬಾವಿಗೂ ತಟ್ಟಬಹುದು, ಪಕ್ಕದ ಬಾವಿಗೆ ಏನೂ ಆಗದಿರಬಹುದು. ನಡುವೆ ಡೈಕ್ ಎಂಬ ಕರಿಕಲ್ಲಿನ ಗೋಡೆ ನೆಲದಡಿ ನಿಂತಿದ್ದರಂತೂ ಒಂದು ಬದಿ ಒಣ, ಒಂದು ಬದಿ ನೀರು. “ಗಣಿಯಿಂದ ಐನೂರು ಮೀಟರಿನಾಚೆ ಪರಿಣಾಮವಿಲ್ಲ” ಎಂದು ಯಾರಾದರೂ ಖಡಾಖಂಡಿತವಾಗಿ ಬರೆದುಕೊಟ್ಟರೆ, ಅವರು ಕಲ್ಲು ನೋಡಿಲ್ಲ ಎಂದೇ ನಾನು ಎಣಿಸುತ್ತೇನೆ.

ನೆಲದಡಿ ತೋಡಿದರೆ ಏನಾಗುತ್ತದೆ ಎಂಬುದಕ್ಕೆ ಧನಬಾದಿಗೆ ಹೋಗಬೇಕಿಲ್ಲ. ಅದಕ್ಕಿಂತ ಹತ್ತಿರದ ಉದಾಹರಣೆ ಗಣಿಯದಲ್ಲ, ನಾಲೆಯದು. ಹೇಮಾವತಿಯ ನೀರು ತಿಪಟೂರು-ತುರುವೇಕೆರೆ-ತುಮಕೂರಿನತ್ತ ಬರುವ ದಾರಿಯಲ್ಲಿ ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು-ನವಿಲೆ ನಡುವೆ ಉದ್ದನೆಯ ಸುರಂಗ ಕೊರೆದಿದ್ದಾರೆ. ಸುರಂಗದ ಮೇಲಿನ ಊರುಗಳ ರೈತರು ತಮ್ಮ ಬಾವಿ, ಬೋರ್ ಬತ್ತಿದವೆಂದು ಪರಿಹಾರಕ್ಕಾಗಿ ಬಹುಕಾಲ ಹೋರಾಡಿದರು. ‘ಸುರಂಗ ಸಂತ್ರಸ್ತರು’ ಎಂಬ ಹೆಸರೇ ಆ ಭಾಗದಲ್ಲಿ ಬಿದ್ದಿದೆ. ಗಟ್ಟಿಶಿಲೆಯಲ್ಲಿ ಸುರಂಗ ತಾನು ಕತ್ತರಿಸಿದ ಪ್ರತಿ ಬಿರುಕಿನಿಂದಲೂ ನೀರನ್ನು ಬಸಿದುಕೊಳ್ಳಬಲ್ಲದು, ಪಂಪೂ ಬೇಕಿಲ್ಲ. ಅಲ್ಲಿ ನೀರು ಕಳೆದುಕೊಂಡೆವೆನ್ನುವ ಊರುಗಳ ಅಡಿಯಿಂದಲೇ ಇಲ್ಲಿನ ತೆಂಗಿಗೆ ನೀರು ಬರುತ್ತಿದೆ ಎನ್ನುವುದನ್ನು ತಿಪಟೂರಿನವರು ನೆನಪಿಟ್ಟುಕೊಂಡರೆ ಒಳ್ಳೆಯದು.

ಹಾಗಾದರೆ ತೆಂಗಿನ ಸೀಮೆ ಬತ್ತಿದ್ದು ಗಣಿಯಿಂದಲೇ? ಇಲ್ಲಿ ನನ್ನ ಓದುಗರಲ್ಲಿ ಕೆಲವರಿಗೆ ಬೇಸರವಾಗಬಹುದು. ಬಳ್ಳಾರಿಯ ಬಳಿಕ ತುಮಕೂರು, ಚಿತ್ರದುರ್ಗ ಜಿಲ್ಲೆಗಳಲ್ಲೂ ಸುಪ್ರೀಂ ಕೋರ್ಟ್ ಕಬ್ಬಿಣದ ಗಣಿಗಾರಿಕೆ ನಿಲ್ಲಿಸಿದ್ದು 2011ರ ಆಗಸ್ಟ್ 26ರಂದು. ಅಕ್ರಮದ ತೂಕ ನೋಡಿ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಸಿ ವರ್ಗದ ಗುತ್ತಿಗೆ ರದ್ದು ಮಾಡಿ, ಉಳಿದವಕ್ಕೆ ಷರತ್ತು ಹಾಕಿ ದಾರಿ ಬಿಟ್ಟ ತೀರ್ಪು 2013ರ ಏಪ್ರಿಲ್ 18ರದು. ಗಣಿ ನಿಂತಿದ್ದ ಕಾಲದಲ್ಲೂ ಬೋರ್‌ಗಳು ಬತ್ತುವುದು ನಿಲ್ಲಲಿಲ್ಲ. 2016-17ರ ಬರದಲ್ಲಿ ಸುಳಿ ಬಾಗಿ, ಗರಿ ಜೋತು ಸತ್ತ ಮರಗಳು ಗುಡ್ಡದ ಬುಡದಲ್ಲಿ ಮಾತ್ರ ಇರಲಿಲ್ಲ, ಗಣಿಯ ಧೂಳು ಕಾಣದ ಬಯಲಿನಲ್ಲೂ ಇದ್ದವು. ಕೇಂದ್ರ ಅಂತರ್ಜಲ ಮಂಡಳಿ ತಿಪಟೂರು, ಚಿಕ್ಕನಾಯಕನಹಳ್ಳಿಯನ್ನು ಅತಿಬಳಕೆಯ ತಾಲ್ಲೂಕುಗಳೆಂದು ಗುರುತಿಸಿದೆ. ವರ್ಷಕ್ಕೆ ತುಂಬಿಕೊಳ್ಳುವುದರಲ್ಲಿ ಬಳಸಬಹುದಾದಷ್ಟನ್ನೂ ಮೀರಿ ಎತ್ತುತ್ತಿದ್ದೇವೆ ಎಂಬುದು ಅದರ ಅರ್ಥ. ಎತ್ತುತ್ತಿರುವವರು ನಾವು, ಕೊಬ್ಬರಿಗಾಗಿ. ಇಡೀ ಸೀಮೆಯ ನೀರಿನ ಮಟ್ಟ ಇಳಿದದ್ದಕ್ಕೆ ಬೋರ್ ಕಾರಣ. ಗುಡ್ಡದ ಕೆಳಗಿನ ನಿರ್ದಿಷ್ಟ ಊರಿನ ಒರತೆ ನಿಂತದ್ದಕ್ಕೆ, ಕೆರೆ ಹೂಳಾದದ್ದಕ್ಕೆ ಗಣಿ ಕಾರಣವಿರಬಹುದು. ಎರಡನ್ನೂ ಒಂದೇ ಗಂಟು ಕಟ್ಟಿದರೆ ಗಣಿಯವರಿಗೇ ಅನುಕೂಲ, “ಬಯಲಿನಲ್ಲೂ ಬತ್ತಿದೆಯಲ್ಲ” ಎಂದು ಅವರು ಕೈತೊಳೆದುಕೊಳ್ಳುತ್ತಾರೆ.

ನೀರಿನ ಗುಣದ ವಿಷಯದಲ್ಲೂ ಇದೇ ಗೊಂದಲ. ಫ್ಲೋರೈಡ್ ಬಂದರೆ ಗಣಿಯತ್ತ ಬೊಟ್ಟು ಮಾಡುವವರಿದ್ದಾರೆ. ಫ್ಲೋರೈಡ್ ಬರುವುದು ಆಳದ ಕಲ್ಲಿನಲ್ಲಿ ವರ್ಷಾನುಗಟ್ಟಲೆ ನಿಂತ ನೀರಿನಿಂದ. ಅದನ್ನು ಮೇಲೆ ತಂದದ್ದು ನಮ್ಮ ಸಾವಿರ ಅಡಿಯ ಹಟ. ಕುಡಿಯುವ ನೀರಿನಲ್ಲಿ ಅದರ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ಮೂಲವೇ ಇಲ್ಲದಿದ್ದರೆ 1.5. ಮ್ಯಾಂಗನೀಸ್ ಬೇರೆ. ಅದರ ಮಿತಿ 0.1, ಹೆಚ್ಚೆಂದರೆ 0.3. ಅದಿರಿನ ರಾಶಿ ನೆನೆದು ಬಸಿದ ನೀರಿನಲ್ಲಿ ಹುಡುಕಬೇಕಾದ್ದು ಅದನ್ನು. ಮೊದಲು ಹೇಳಿದ ಕಪ್ಪು ಕಲ್ಲಿನಲ್ಲಿ ಪೈರೈಟ್ ಎಂಬ ಗಂಧಕದ ಖನಿಜ ಸೇರಿರುವುದುಂಟು. ಅಂಥದ್ದನ್ನು ತೋಡಿ ಗಾಳಿ ಮಳೆಗೆ ಒಡ್ಡಿದರೆ ಅದು ಆಮ್ಲವಾಗಿ ಇಳಿಯುತ್ತದೆ, ಕಲ್ಲಿದ್ದಲು ಗಣಿಗಳ ಸುತ್ತ ಹಳ್ಳದ ನೀರು ಹುಳಿಯಾಗಿ ಕಿತ್ತಳೆ ಬಣ್ಣಕ್ಕೆ ತಿರುಗುವುದು ಹೀಗೆಯೇ.

ಇಷ್ಟೆಲ್ಲವನ್ನು ಊಹೆಯಿಂದ ಬಿಡಿಸಬೇಕಾದ ಸ್ಥಿತಿಯೂ ನಮ್ಮದಲ್ಲ. ದೇಶದಲ್ಲಿ ಅಂತರ್ಜಲದ ನಕ್ಷೆ ಮಾಡುವ ಪ್ರಯೋಗಕ್ಕೆ ಮೊದಲು ಆರಿಸಿಕೊಂಡ ಆರು ಜಾಗಗಳಲ್ಲಿ ಒಂದು ಇಲ್ಲೇ ಇದೆ: ತಿಪಟೂರು, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಿಗೆ ಸೇರಿದ ಅಂಕಸಂದ್ರ ಜಲಾನಯನ, ಸುಮಾರು 375 ಚದರ ಕಿಲೋಮೀಟರ್. ಉಳಿದವು ರಾಜಸ್ಥಾನ, ಬಿಹಾರ, ಮಹಾರಾಷ್ಟ್ರ, ತಮಿಳುನಾಡಿನಲ್ಲಿ. ಕೇಂದ್ರ ಅಂತರ್ಜಲ ಮಂಡಳಿಗೆ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ, ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯ ಜೊತೆಯಾದವು. ಹೆಲಿಕಾಪ್ಟರಿನ ಅಡಿಯಲ್ಲಿ ದೊಡ್ಡ ಚೌಕಟ್ಟೊಂದನ್ನು ತೂಗುಬಿಟ್ಟು ತೆಂಗಿನ ತಲೆಗಳ ಮೇಲೆ ಸಾಲುಸಾಲಾಗಿ ಹಾರಿಸಿದರು. ಚೌಕಟ್ಟಿನ ಸುತ್ತ ಹರಿಯುವ ವಿದ್ಯುತ್ತನ್ನು ಥಟ್ಟನೆ ನಿಲ್ಲಿಸಿದಾಗ ನೆಲದೊಳಗೆ ಕಿರುವಿದ್ಯುತ್ ಹುಟ್ಟುತ್ತದೆ. ಅದು ಎಷ್ಟು ಹೊತ್ತಿನಲ್ಲಿ ಆರುತ್ತದೆ ಎಂಬುದನ್ನು ಮೇಲಿನಿಂದಲೇ ಅಳೆಯುತ್ತಾರೆ. ನೀರು, ಜೇಡಿ ಇರುವ ಗರಸಿನಲ್ಲಿ ನಿಧಾನಕ್ಕೆ ಆರುತ್ತದೆ, ಗಟ್ಟಿ ಗ್ನೈಸ್‌ನಲ್ಲಿ ತಕ್ಷಣ. ಗರಸಿನ ದಪ್ಪ ಎಲ್ಲೆಲ್ಲಿ ಎಷ್ಟು ಎಂದು ತಿಳಿಯಲು ಇದಕ್ಕಿಂತ ವೇಗದ ದಾರಿಯಿಲ್ಲ. ಆದರೆ ಆಳದಲ್ಲಿರುವ ಬೆರಳು ದಪ್ಪದ ಬಿರುಕು ಇದಕ್ಕೆ ಕಾಣುವುದಿಲ್ಲ. ಶಿಸ್ಟ್ ಪಟ್ಟಿಯಲ್ಲಿ ಇನ್ನೊಂದು ತೊಡಕು: ವಿದ್ಯುತ್ ಹರಿಯಬಿಡುವ ಆ ಕಪ್ಪು ಕಲ್ಲು ನೀರಿನ ವೇಷ ಹಾಕುತ್ತದೆ. ಯಂತ್ರ ತೋರಿಸಿದ ಜಾಗದಲ್ಲಿ ಮಸಿ ಕೆಸರು ಮಾತ್ರ ಬರಬಹುದು. ಹಾಗಾಗಿಯೇ ಯಂತ್ರದ ಚಿತ್ರವನ್ನು ನಿಜವಾದ ಬೋರ್‌ಗಳ ಪುಡಿಯೊಂದಿಗೆ ತಾಳೆ ನೋಡಬೇಕು, ಬೀರುವಿನಲ್ಲಿರುವ ಬಿಲ್‌ಗಳಿಗೆ ಅಲ್ಲಿಯೂ ಬೆಲೆಯಿದೆ.

ಚಿಕ್ಕನಾಯಕನಹಳ್ಳಿಯ ಯಾವುದೇ ಗಣಿಯ ಅಹವಾಲು ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು ಹೀಗೆ ತಾವೇ ಹುಟ್ಟುತ್ತವೆ. ಗಣಿ ಮುಗಿಯುವಾಗ ಅದರ ತಳ ಸಮುದ್ರಮಟ್ಟದಿಂದ ಎಷ್ಟು ಮೀಟರಿನಲ್ಲಿರುತ್ತದೆ? ಗುಡ್ಡದ ಎರಡೂ ಬದಿಯ ಊರುಗಳಲ್ಲಿ ಮಳೆಗಾಲ ಮುಗಿದ ಮೇಲೆ ನೀರು ಎಷ್ಟು ಮೀಟರಿನಲ್ಲಿ ನಿಲ್ಲುತ್ತದೆ? ಮೊದಲಿನದು ಎರಡನೆಯದಕ್ಕಿಂತ ಕೆಳಗಿದ್ದರೆ ನೀರು ಎತ್ತಲೇಬೇಕು. ಎತ್ತಲು 2020ರ ಸೆಪ್ಟೆಂಬರ್ 24ರ ಕೇಂದ್ರ ಮಾರ್ಗಸೂಚಿಯ ಪ್ರಕಾರ ನಿರಾಕ್ಷೇಪಣಾ ಪತ್ರ ಬೇಕು. ಆ ಪತ್ರ ಇದೆಯೇ, ಎತ್ತಿದ ನೀರು ಯಾವ ಕೆರೆಗೆ ಹೋಗುತ್ತದೆ? ಪರಿಸರ ಅನುಮತಿಯ ಷರತ್ತುಗಳಲ್ಲಿ ಸುತ್ತಲಿನ ಬಾವಿಗಳನ್ನು ವರ್ಷಕ್ಕೆ ನಾಲ್ಕು ಸಲ, ಜನವರಿ, ಏಪ್ರಿಲ್-ಮೇ, ಆಗಸ್ಟ್ ಮತ್ತು ನವೆಂಬರಿನಲ್ಲಿ, ಅಳೆಯಬೇಕೆಂದು ಇರುತ್ತದೆ. ಅಳೆದ ಅಂಕಿ ಪಂಚಾಯಿತಿ ಗೋಡೆಗೆ ಬರುತ್ತದೆಯೇ?

ಅಳತೆಯನ್ನು ಗಣಿಯವರಿಗೇ ಬಿಡಬೇಕೆಂದೂ ಇಲ್ಲ. ಮೋಟರ್ ಇಳಿಸದೆ ಬಿಟ್ಟ ಬೋರ್ ಒಂದು ಪ್ರತಿ ಊರಿನಲ್ಲೂ ಇದ್ದೇ ಇದೆ. ಅಳತೆಯ ಟೇಪಿಗೆ ಒಂದು ತೂಕ ಕಟ್ಟಿ, ತುದಿಗೆ ಸೀಮೆಸುಣ್ಣ ಸವರಿ ಇಳಿಬಿಟ್ಟರೆ ಒದ್ದೆಯಾದ ಗೆರೆ ನೀರಿನ ಮಟ್ಟ ಹೇಳುತ್ತದೆ. ಅಳೆಯಬೇಕಾದ್ದು ಅದೇ ನಾಲ್ಕು ತಿಂಗಳುಗಳಲ್ಲಿ, ತ್ರೀಫೇಸ್ ಕರೆಂಟ್ ಬಂದು ಅಕ್ಕಪಕ್ಕದ ಮೋಟರುಗಳು ಶುರುವಾಗುವ ಮುಂಚೆ. ಗಣಿ ತೆರೆಯುವುದಕ್ಕೆ ಎರಡು ವರ್ಷ ಮೊದಲಿನಿಂದಲೇ ಅಂಥ ಲೆಕ್ಕ ಇದ್ದರೆ ಮಾತ್ರ, ಆಮೇಲೆ ಇಳಿದ ನೀರಿನಲ್ಲಿ ಎಷ್ಟು ಪಾಲು ಬರದ್ದು, ಎಷ್ಟು ಬೋರಿನದ್ದು, ಎಷ್ಟು ಗಣಿಯದ್ದು ಎಂದು ಬೇರ್ಪಡಿಸಲು ಸಾಧ್ಯ.